ಬೆಂಡಿನ ನೀರುನಾಯಿ

ಆಷಾಢದ ಮಳೆ ಹಿಡಿದು ಒಂಬತ್ತು ದಿನವಾಗಿತ್ತು. ಬೋಟುಗಳೆಲ್ಲ ತಾಡಪಾಲು ಹೊದ್ದು, ಶರಾವತಿಯ ಒಳಮಗ್ಗುಲಲ್ಲಿ ಒಂದಕ್ಕೊಂದು ಕಟ್ಟಿಕೊಂಡು ಬಿದ್ದಿದ್ದವು. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಕಡಲು ಬಂದ್ ಆಗಿ ಒಂದೂವರೆ ತಿಂಗಳು, ತೆರೆಯಲು ಇನ್ನು ಹದಿನೈದು ದಿನ. ಮೀನಿಗೆ ಹೋಗುವಂತಿಲ್ಲ ಎಂದ ಮಾತ್ರಕ್ಕೆ ಮಾವಿನಕುರ್ವೆಯಲ್ಲಿ ಯಾರೂ ಕೈಕಟ್ಟಿ ಕೂರುವುದಿಲ್ಲ. ಹತ್ತು ತಿಂಗಳು ಹರಿದದ್ದನ್ನು ಎರಡು ತಿಂಗಳಲ್ಲಿ ಹೊಲಿದು ಮುಗಿಸಬೇಕು.

ಶ್ರೀರಾಮ ತಾಂಡೇಲನ ಬಲೆಚಪ್ಪರದಲ್ಲಿ ಆ ಮಧ್ಯಾಹ್ನವೂ ಅದೇ ಕೆಲಸ ನಡೆದಿತ್ತು. ಬೋಟು ನಡೆಸುವ ತಾಂಡೇಲ ತಾನು ಇಂಜಿನ್ನಿನ ಸಾಮಾನು ತರಲು ಭಟ್ಕಳಕ್ಕೆ ಹೋಗಿದ್ದ. ಬಲೆ ಚಪ್ಪರದ ತುಂಬ ಹಸಿರು ಗುಡ್ಡದ ಹಾಗೆ ಬಿದ್ದಿತ್ತು. ಅದರ ಒಂದು ಅಂಚು ಹಿಡಿದು ಅವನ ಮಗ ಮೋಹನ, ಇನ್ನೊಂದು ಅಂಚಿಗೆ ಮೋಹನನ ಹೆಂಡತಿ ಸುಷ್ಮಾ, ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ದೇವಪ್ಪ. ನಡುವೆ ಐಸಿನ ಥರ್ಮೊಕೋಲ್ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ನೋಟ್‌ಬುಕ್ಕು ತೆರೆದಿಟ್ಟುಕೊಂಡು ಮೋಹನನ ತಂಗಿ ಸುಚಿತಾ ಕೂತಿದ್ದಳು. ಬಲೆಸೂಜಿ ಅವಳ ಕೈಯಲ್ಲೂ ಇತ್ತು, ಆದರೆ ಬಹಳ ಹೊತ್ತಿನಿಂದ ಅಲ್ಲಾಡಿರಲಿಲ್ಲ.

"ಉಪ್ಪಿನ ಕೋಟೆ ಬಾಗ್ಲು ಮುಚ್ಚಿ ಅದೆ," ಅವಳು ಹೇಳುತ್ತಿದ್ದಳು. "ಒಳಗೆ ಎಷ್ಟು ಜನ ಕಾವಲಿಗೆ ಇದ್ರೋ ಗೊತ್ತಿಲ್ಲ. ಗೋಡೆ ಹತ್ತೂಕೆ ಹೋದ್ರೆ ಕೈಯೆಲ್ಲ ಉಪ್ಪು ಹತ್ತಿ ಉರೀತದೆ. ಎಂತ ಮಾಡ್ತ್ರಿ?"

"ನಾನು ಬಾಗ್ಲು ಒದೀತೆ," ಎಂದ ಮೋಹನ.

"ತಡಿ ಮಾರಾಯ, ನಿಂಗೆ ಒದಿಯೂದು ಬಿಟ್ರೆ ಬೇರೆ ಗೊತ್ತಿಲ್ಲ," ದೇವಪ್ಪ ಬಲೆಯಿಂದ ಕಣ್ಣು ಎತ್ತಲಿಲ್ಲ. "ನನ್ನ ಬೀರ ಗಿಡುಗ ಆದ. ಹಾರಿ, ಒಳಗೆ ನೋಡ್ಕಂಡು ಬರ್ತ."

ಅಂಗಿಯ ಜೇಬಿಗೆ ಕೈಹಾಕಿ ಗಿಡುಗವನ್ನು ತೆಗೆದು ಪೆಟ್ಟಿಗೆಯ ಮೇಲೆ ಇಟ್ಟ. ಬಲೆಯ ಮೇಲಂಚು ನೀರಿನ ಮೇಲೆ ತೇಲಲೆಂದು ತಲೆಹಗ್ಗಕ್ಕೆ ಪೋಣಿಸುವ ಬೆಂಡನ್ನು ಚೂರಿಯಲ್ಲಿ ಕೆತ್ತಿ ಮಾಡಿದ ಗಿಡುಗ ಅದು. ಹಗ್ಗ ಹೋಗುವ ತೂತು ಹಾಗೆಯೇ ಇತ್ತು; ಎದೆಯ ಕಡೆಯಿಂದ ನೋಡಿದರೆ ಬಾಲದ ಕಡೆಯ ಬೆಳಕು ಕಾಣುತ್ತಿತ್ತು. ಇಂಥವು ಅವನ ಹತ್ತಿರ ಮೂರಿದ್ದವು: ಗಿಡುಗ, ಮೊಸಳೆ, ನೀರುನಾಯಿ. ನೀರುನಾಯಿಗೆ ಮೀಸೆ ಇಡುವುದನ್ನೂ ಮರೆತಿರಲಿಲ್ಲ, ನೈಲಾನ್ ದಾರದ ಎಳೆಯ ತುದಿ ಸುಟ್ಟು ಚುಚ್ಚಿದ್ದ. ಕೆತ್ತಿದ ಹೊಸತರಲ್ಲಿ ಸುಚಿತಾಳಿಗೆ ತೋರಿಸಿ, "ಬೋಟಿನ ಬೆಂಡು ಮೂರು ಹಾಳು ಮಾಡ್ದೆ, ನಿನ್ನ ಅಪ್ಪಂಗೆ ಹೇಳ್ಬೇಡ. ಯಾವಾಗಾದ್ರೂ ವಾಪಸ್ ಕೊಡ್ತೆ," ಎಂದು ನಕ್ಕಿದ್ದ.

ಕೂತು ಆಡುವ ಆಟವೇ, ಆದರೆ ಇಸ್ಪೀಟಿನ ಹಾಗೆ ಗೆಲ್ಲುವ ಸೋಲುವ ಆಟವಲ್ಲ. ಒಬ್ಬರು ಕತೆ ನಡೆಸಬೇಕು, ಉಳಿದವರು ಕತೆಯೊಳಗೆ ಒಂದೊಂದು ಪಾತ್ರವಾಗಿ ಹೊಗಬೇಕು. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಸುಚಿತಾ ಇದನ್ನು ಕಲಿತದ್ದು ಓಂ ಬೀಚಿನ ಹತ್ತಿರದ ಒಂದು ಗೆಸ್ಟ್‌ಹೌಸಿನಲ್ಲಿ ಎರಡು ವರ್ಷ ಲೆಡ್ಜರು ಬರೆಯುವ ಕೆಲಸಕ್ಕಿದ್ದಾಗ. ಮಳೆಗೆ ಸಿಕ್ಕಿ ವಾರವಿಡೀ ಹೊರಗೆ ಹೋಗಲಾರದೆ ಕೂತ ನಾಲ್ಕು ಜನ ಇವಳನ್ನೂ ಸೇರಿಸಿಕೊಂಡು ಆಡಿದರು, ಹೋಗುವಾಗ ದಾಳದ ಚೀಲ ಬಿಟ್ಟು ಹೋದರು. ಆಮೇಲೆ ಊರಿಗೆ ಬಂದು ಹೊನ್ನಾವರದ ಝೆರಾಕ್ಸ್ ಅಂಗಡಿಯಲ್ಲಿ ಬೆಳಗಿನ ಹೊತ್ತು ಕೆಲಸ ಹಿಡಿದಳು. ನೆನಪಿದ್ದಷ್ಟು ನಿಯಮ ಕನ್ನಡದಲ್ಲಿ ಬರೆದಳು, ನೆನಪಿಲ್ಲದ್ದನ್ನು ತಾನೇ ಕಟ್ಟಿದಳು. ಮೋಹನ ಕತ್ತಿಯಾಳಾದ. ಸುಷ್ಮಾ ಬಿಲ್ಲು ಹಿಡಿದಳು. ಮೊದಲನೆಯ ವರ್ಷದ ಬಂದ್ ಹಾಗೆ ಕಳೆಯಿತು.

ದೇವಪ್ಪ ಸೇರಿದ್ದು ಈ ವರ್ಷ. ನಾಲ್ಕು ವರ್ಷದ ಹಿಂದೆ, ಬೋಟನ್ನು ದಂಡೆಯ ಕಲ್ಲಿನ ದಕ್ಕೆಗೆ ಕಟ್ಟುವಾಗ ತೆರೆಯೆದ್ದು ಅವನು ಬೋಟಿಗೂ ಕಲ್ಲಿಗೂ ನಡುವೆ ಸಿಕ್ಕಿಕೊಂಡಿದ್ದ. ಸೊಂಟ ಹೋಯಿತು. ಕೋಲು ಹಿಡಿದರೆ ಮನೆಯೊಳಗೆ ಹತ್ತು ಹೆಜ್ಜೆ, ಅಷ್ಟೆ. ಶ್ರೀರಾಮನ ಬೋಟಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನು ಆಮೇಲೆ ಹೊಸ್ತಿಲು ದಾಟಲಿಲ್ಲ. ಮನೆಗೆ ಯಾರಾದರೂ ಹೋದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಜೂನಿನಲ್ಲಿ ಅವನ ಹೆಂಡತಿ ಗಂಗೆ, "ಎಂತದೋ ಕತೆ ಆಟ ಆಡ್ತ್ರಂತಲ್ಲ, ಇವ್ರನ್ನೂ ಕರ್ಕಂಡು ಹೋಗ್ರೇ, ನಿಮ್ಮ ಪುಣ್ಯ," ಎಂದಳು. ಮೋಹನ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದ. ಮೊದಲ ದಿನ ಸುಮ್ಮನೆ ಬಲೆ ಹೊಲಿದ. ಎರಡನೇ ದಿನ, "ಪ್ರಾಣಿ ಆಗೂಕೆ ಆಗ್ತದಾ ನಿನ್ನ ಆಟದಲ್ಲಿ?" ಎಂದು ಕೇಳಿದ. ಸುಚಿತಾ ಆ ರಾತ್ರಿಯೇ ಅವನಿಗಾಗಿ ಬಹುರೂಪಿಯ ನಿಯಮ ಬರೆದಳು. ಬೇಕಾದ ಹೊತ್ತಿಗೆ ಬೇಕಾದ ಪ್ರಾಣಿಯಾಗಬಹುದು. ಪ್ರಾಣಿಯ ಜೀವ ಬೇರೆ, ಮನುಷ್ಯನ ಜೀವ ಬೇರೆ. ಪ್ರಾಣಿಯ ಜೀವ ಮುಗಿದರೆ ಮನುಷ್ಯ ಏನೂ ಆಗದವನಂತೆ ಎದ್ದು ನಿಲ್ಲುತ್ತಾನೆ. ದೇವಪ್ಪ ತನ್ನ ಬಹುರೂಪಿಗೆ ಬೀರ ಎಂದು ಹೆಸರಿಟ್ಟ. ಅಂದಿನಿಂದ ಊಟವಾಗಿ ಕೈ ಒಣಗುವ ಮೊದಲೇ ಅಂಗಿ ಹಾಕಿಕೊಂಡು ಮೋಹನನ ಸ್ಕೂಟರಿಗೆ ಕಾಯತೊಡಗಿದ.

ಗಿಡುಗ ಕೋಟೆಯನ್ನು ಸುತ್ತಿ ಬಂತು. ಒಳಗೆ ಆರು ಜನ ಕಾವಲಿಗಿದ್ದರು. ಮೋಹನ ಕತ್ತಿಗೆ ಕೈಹಾಕುವಷ್ಟರಲ್ಲಿ ಬೀರ ಕಂದಕಕ್ಕೆ ಧುಮುಕಿ ಮೊಸಳೆಯಾದ. ದೇವಪ್ಪನ ದಾಳಕ್ಕೆ ಹದಿನೆಂಟು ಬಿತ್ತು, ಆಮೇಲೆ ಹತ್ತೊಂಬತ್ತು. ಆರರಲ್ಲಿ ನಾಲ್ವರು ನೀರಿಗೆ ಹೋದರು. ಉಳಿದಿಬ್ಬರು ಓಡಿದರು.

"ಬಾಲ ಹೀಂಗೆ ಬೀಸ್ದ ನೋಡು," ದೇವಪ್ಪ ಬಲೆಯನ್ನು ಬಿಟ್ಟು ಎರಡೂ ಕೈ ಎತ್ತಿ ತೋರಿಸಿದ. ಸೊಂಟದಿಂದ ಮೇಲೆ ಇಡೀ ಮೈ ತಿರುಗಿತು. "ಬಾಲ ಬೀಸೂದು ಕಾಣ್ಲೇ ಇಲ್ಲ ಅವ್ರಿಗೆ!"

"ನನ್ನ ಕತ್ತಿಗೆ ತುಕ್ಕು ಹಿಡೀತು," ಎಂದ ಮೋಹನ.

"ಉಪ್ಪಿನ ಕೋಟೆ ಅಲ್ವಾ, ಹಿಡೀತದೆ," ಎಂದ ದೇವಪ್ಪ. ಸುಷ್ಮಾ ನಕ್ಕಳು. ಮೋಹನ ನಗಲಿಲ್ಲ.

ಸುಟ್ಟ ಹಲಸಿನ ಬೀಜ ಬಂತು. ಗಂಗೆ ಎಲೆಯಲ್ಲಿ ಕಟ್ಟಿ ಬಿಸಿಬಿಸಿ ಕಳಿಸಿದ್ದು. ಬೆಂಕಿಗೆ ಸೌದೆ ಇಡಲು ಸುಷ್ಮಾ ಮನೆಯೊಳಗೆ ಹೋಗಿದ್ದಳು. ಮೋಹನ ಎಲೆ ಬಿಚ್ಚಿ ಪಾಲು ಮಾಡಲು ಹೊರಟ.

"ಏಯ್, ಕೈ ತೆಗಿ," ದೇವಪ್ಪ ಗದರಿದ. "ಅವ್ಳು ಬರ್ಲಿ."

"ಬೀಜ ಮಾರಾಯ್ರೆ, ಇಸ್ವಾಣ ಮೀನಲ್ಲ."

"ಎಂತದೇ ಆಗ್ಲಿ. ಪಾಲು ಹಾಕೂವಾಗ ಎಲ್ಲ ಎದ್ರಿಗೆ ಇರ್ಬೇಕು. ನಿಮ್ಮ ಅಪ್ಪ ಇದ್ದಿದ್ರೆ ನಿನ್ನ ಕೈಗೆ ಹೊಡೀತಿದ್ದ."

ಸುಷ್ಮಾ ಬರುವವರೆಗೆ ಬೀಜ ಎಲೆಯಲ್ಲೇ ಆರಿತು.

ಮರುದಿನ ಬೆಳಿಗ್ಗೆ ಗಂಜಿಯ ಬಟ್ಟಲ ಮುಂದೆ ಮೋಹನ ಮಾತು ತೆಗೆದ. ಸಿಟ್ಟಿನಿಂದಲ್ಲ, ಬಹಳ ದಿನದಿಂದ ಹಲ್ಲಿನಲ್ಲಿ ಸಿಕ್ಕಿಕೊಂಡದ್ದನ್ನು ತೆಗೆಯುವವನ ಹಾಗೆ.

"ಸುಚಿತಾ, ನಾನೊಂದು ಹೇಳ್ತೆ, ತಪ್ಪು ತಿಳ್ಕಬೇಡ. ದೇವಪ್ಪ ಮಾವ ಹಾರೂದೂ ಅವ್ರೇ, ಈಜೂದೂ ಅವ್ರೇ, ಕಚ್ಚೂದೂ ಅವ್ರೇ. ನಾನು ಎಂತಕ್ಕೆ ಕೂತದ್ದು ಅಲ್ಲಿ? ಬಾಗ್ಲು ಕಾಯೂಕಾ?"

"ನಂಗೆ ನಿನ್ನೆ ಒಂದು ಬಾಣ ಬಿಡೂಕೆ ಆಗ್ಲಿಲ್ಲ," ಎಂದಳು ಸುಷ್ಮಾ. "ಬೇಜಾರಲ್ಲ. ಆದ್ರೂ."

ಸುಚಿತಾ ಲೆಕ್ಕ ಹಾಕಿ ನೋಡಿದಳು. ಮೋಹನನ ಕತ್ತಿಯಾಳಿಗೆ ಇಪ್ಪತ್ನಾಲ್ಕು ಜೀವ. ಸುಷ್ಮಾಳ ಬಿಲ್ಲುಗಾತಿಗೆ ಹದಿನೆಂಟು. ಬೀರನಿಗೆ ಹದಿನಾರೇ, ಆದರೆ ಮೊಸಳೆಯಾದರೆ ಮೂವತ್ತು ಬೇರೆ, ಮತ್ತೆ ಮೊಸಳೆಯಾದರೆ ಮತ್ತೆ ಮೂವತ್ತು. ಕೊನೆಯೇ ಇಲ್ಲ. ಮೋಹನ ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ನಿಯಮ ಬರೆಯುವಾಗ ತಾನು ದೇವಪ್ಪನ ಮುಖವನ್ನಷ್ಟೇ ನೋಡಿದೆ, ಆಟವನ್ನು ನೋಡಲಿಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಒಬ್ಬನಿಗೆ ಇಷ್ಟು ಬಿಟ್ಟುಕೊಟ್ಟರೆ ಉಳಿದವರು ಎದ್ದು ಹೋಗುತ್ತಾರೆ. ಉಳಿದವರು ಎದ್ದರೆ ಆ ಒಬ್ಬನಿಗೂ ಆಟವಿಲ್ಲ.

ಗಂಜಿ ಆರುವುದರೊಳಗೆ ಮೂವರೂ ಸೇರಿ ತೀರ್ಮಾನಿಸಿದರು. ಬೀರ ಇನ್ನು ದಿನಕ್ಕೆ ಒಂದೇ ಸಲ ರೂಪ ಬದಲಿಸಬಹುದು. ಹಾರುವ ರೂಪ ಸದ್ಯಕ್ಕಿಲ್ಲ. ಮತ್ತು ಪ್ರಾಣಿಗೆ ಬಿದ್ದ ಪೆಟ್ಟು, ಮನುಷ್ಯನಾದ ಮೇಲೂ ಮೈಮೇಲೆ ಉಳಿಯುತ್ತದೆ.

"ಮಾವನ್ನ ಒಂದು ಮಾತು ಕೇಳ್ವನಾ?" ಎಂದಳು ಸುಷ್ಮಾ, ಬಟ್ಟಲು ಎತ್ತುತ್ತ.

"ಕೇಳಿದ್ರೆ ಬೇಡ ಹೇಳೂದಿಲ್ಲ ಅವ್ರು," ಎಂದಳು ಸುಚಿತಾ. "ಚಪ್ಪರಕ್ಕೆ ಬಂದ ಮೇಲೆ ಹೇಳಿದ್ರೆ ಆತು."

ಆ ಮಾತು ಮುಂದೆ ಎಷ್ಟೋ ದಿನ ಅವಳ ಕಿವಿಯಲ್ಲಿ ಇತ್ತು.

ಮಧ್ಯಾಹ್ನ ಚಪ್ಪರದಲ್ಲಿ ಹೊಸ ನಿಯಮವನ್ನು ಓದಿ ಹೇಳಿದಾಗ ದೇವಪ್ಪ ಸೂಜಿಗೆ ದಾರ ಸುತ್ತುತ್ತಿದ್ದ. ಸುತ್ತುವುದನ್ನು ನಿಲ್ಲಿಸಲಿಲ್ಲ. ಮೋಹನನನ್ನು ಒಮ್ಮೆ, ಸುಷ್ಮಾಳನ್ನು ಒಮ್ಮೆ ನೋಡಿದ. ಇಬ್ಬರೂ ಬಲೆಯ ಮೇಲೆ ಬಗ್ಗಿದ್ದರು.

"ಎಲ್ಲ ಮಾತಾಡ್ಕಂಡು ಆತಾ?"

"ಹೌದು ಮಾವ. ಎಲ್ರಿಗೂ ಸಮ ಆಗ್ಬೇಕಲ್ಲ ಹೇಳಿ."

"ಆತು ಮಾರಾಯ್ತಿ. ಆಟ ನಿಂದು." ಜೇಬಿನಿಂದ ಗಿಡುಗವನ್ನು ತೆಗೆದು ಬಲೆಯ ಬದಿಗೆ ಇಟ್ಟ. "ಇವ ಕೂತ್ಕಳ್ಲಿ ಹಾಗಾದ್ರೆ."

ಅಂದಿನ ಕತೆಯಲ್ಲಿ ಕೋಟೆಯೊಳಗೆ ಒಂದು ಉಪ್ಪುನೀರಿನ ಬಾವಿ. ತಳದಲ್ಲಿ ಕೀಲಿಕೈ. ಸುಚಿತಾ ಅದನ್ನು ಬೇಕೆಂದೇ ಇಟ್ಟಿದ್ದಳು. ಕಸಿದುಕೊಂಡದ್ದಕ್ಕೆ ಬದಲಾಗಿ ನೀರುನಾಯಿಗೆ ಒಂದು ದೊಡ್ಡ ಕೆಲಸ ಸಿಗಲಿ ಎಂದು. ದೇವಪ್ಪನಿಗೂ ಅದು ತಿಳಿದಿರಬೇಕು. ನೀರುನಾಯಿಯನ್ನು ಪೆಟ್ಟಿಗೆಯ ಅಂಚಿನಲ್ಲಿ ಇಟ್ಟು, ಬೆರಳಿನಿಂದ ಬೆನ್ನು ಸವರಿದ.

"ಮುಳುಗ್ದ. ಉಸಿರು ಹಿಡ್ದ. ಕಲ್ಲಿನ ಸಂದಿಯಲ್ಲಿ ಕೈ ಹಾಕ್ದ," ಅವನ ದನಿ ತಗ್ಗಿತು. ಈ ನೀರಿನಲ್ಲಿ ಇಪ್ಪತ್ತೆರಡು ವರ್ಷ ಇದ್ದವನು ಹೇಳುತ್ತಿದ್ದರಿಂದ ಉಳಿದವರೂ ಉಸಿರು ಹಿಡಿದರು. "ಕೀಲಿಕೈ ಸಿಕ್ತು. ಬಾಯಲ್ಲಿ ಕಚ್ಕಂಡು ಮೇಲೆ ಬರ್ತ."

ಬಾವಿಯಲ್ಲಿ ಒಂದು ಹಾವುಮೀನಿತ್ತು. ಸುಚಿತಾ ದಾಳ ಉರುಳಿಸಿದಳು. ಇಪ್ಪತ್ತು ಬಿತ್ತು. ಹಾವುಮೀನಿನ ದಾಳಕ್ಕೆ ಇಪ್ಪತ್ತು ಬಿದ್ದರೆ ಬಹಳ ದೊಡ್ಡ ಪೆಟ್ಟು. ನೀರುನಾಯಿ ಮೇಲೆ ಬಂತು, ಕೀಲಿಕೈಯೂ ಬಂತು, ಬೀರ ಮನುಷ್ಯನಾದ, ಆದರೆ ಪೆಟ್ಟು ಜೊತೆಗೇ ಬಂತು. ಅವನಿಗೆ ಉಳಿದದ್ದು ಎರಡೇ ಜೀವ.

"ಮೂರಕ್ಕಿಂತ ಕಮ್ಮಿ ಆದ್ರೆ ಗಾಯದ ಪಟ್ಟಿ ನೋಡ್ಬೇಕು," ಎಂದಳು. "ಮಾವ, ದಾಳ ಹಾಕಿ."

ಗಾಯದ ಪಟ್ಟಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿತ್ತು. ಮೊದಲನೆಯ ವರ್ಷ, ದೇವಪ್ಪ ಬರುವ ಮೊದಲು ಬರೆದದ್ದು. ಮೋಹನನ ಕತ್ತಿಯಾಳಿಗೆ ಎರಡು ಸಲ ಅಲ್ಲಿಂದ ಮೂಗು ಒಡೆದಿತ್ತು, ಸುಷ್ಮಾಳಿಗೆ ಒಮ್ಮೆ ಬೆರಳು. ಬೀರ ಆ ಪಟ್ಟಿಯ ಹತ್ತಿರವೂ ಸುಳಿದಿರಲಿಲ್ಲ; ಪೆಟ್ಟನ್ನೆಲ್ಲ ಪ್ರಾಣಿಗಳು ತಿಂದುಬಿಡುತ್ತಿದ್ದವು.

ದೇವಪ್ಪ ದಾಳ ಹಾಕಿದ. "ಏಳು."

ಸುಚಿತಾ ಬೆರಳನ್ನು ಪಟ್ಟಿಯ ಮೇಲೆ ಇಳಿಸುತ್ತ ಏಳಕ್ಕೆ ಬಂದಳು, ಓದಿದಳು. ಎರಡು ವರ್ಷದಿಂದ ಎಲ್ಲವನ್ನೂ ಗಟ್ಟಿಯಾಗಿ ಓದಿ ಅಭ್ಯಾಸವಾದ ಬಾಯಿ, ಕಣ್ಣಿಗಿಂತ ಮುಂದೆ ಹೋಯಿತು.

"ಸೊಂಟಕ್ಕೆ ಪೆಟ್ಟು. ನಡೆಯುವಂತಿಲ್ಲ. ಜೊತೆಯವರು ಹೊತ್ತುಕೊಂಡು—"

ಅಲ್ಲಿಗೆ ನಿಂತಳು. ಮಾಡಿಗೆ ಮಳೆ ಹೊಡೆಯುತ್ತಿತ್ತು. ಮೋಹನನ ಸೂಜಿ ಕೆಳಗೆ ಬಿತ್ತು, ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ಓದು ತಂಗಿ, ಪೂರ್ತಿ ಓದು," ಎಂದ ದೇವಪ್ಪ.

"ಇಲ್ಲ ಮಾವ, ಅದು ಹಳೇದು. ಮತ್ತೊಂದ್ಸಲ ದಾಳ ಹಾಕಿ. ಇದು ಲೆಕ್ಕಕ್ಕಿಲ್ಲ."

"ಮೋಹನಂಗೆ ಮೂಗು ಒಡೆದಾಗ ಮತ್ತೊಂದ್ಸಲ ಹಾಕ್ಸಿದ್ಯಾ?" ಎಂದು ಕೇಳಿದ. ದನಿಯಲ್ಲಿ ಕೊಂಕಿರಲಿಲ್ಲ, ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಆಮೇಲೆ ತಾನೇ ನಕ್ಕ. "ಹೋಗ್ಲಿ ಬಿಡು. ಅಲ್ಲೂ ಮೋಹನನೇ ಹೊರ್ಬೇಕಾತು. ಇಲ್ಲಿ ಸ್ಕೂಟರಾದ್ರೂ ಅದೆ."

ನಗಬೇಕೋ ಬೇಡವೋ ತಿಳಿಯದೆ ಮೋಹನ, "ನಾನು ಹೊರ್ತೆ ಮಾವ, ನೀವು ಎಂತ ಭಾರ ಇಲ್ಲ," ಎಂದ. ಅದರಿಂದ ಮಾತು ಇನ್ನೂ ಕೆಟ್ಟಿತು.

ದೇವಪ್ಪ ಆ ದಿನ ಆಟ ಮುಗಿಯುವವರೆಗೆ ಕೂತ. ಯಾರೂ ಎದ್ದು ಹೋಗಬಾರದ ಹೊತ್ತಿನಲ್ಲಿ ಎದ್ದು ಹೋಗುವ ಜಾಯಮಾನ ಅವನದಲ್ಲ, ಎದ್ದು ಹೋಗುವ ಕಾಲೂ ಇರಲಿಲ್ಲ. ತನ್ನ ಸರದಿ ಬಂದಾಗಲೆಲ್ಲ, "ಬೀರ ಇಲ್ಲೇ ಕೂತಿದ್ದ, ನೀವು ಮುಂದೆ ಹೋಗಿ," ಎಂದ. ಮೂರೂ ಬೆಂಡುಗಳನ್ನು ಜೇಬಿಗೆ ಹಾಕಿಕೊಂಡು ಮೋಹನನ ಹೆಗಲು ಹಿಡಿದು ಸ್ಕೂಟರು ಹತ್ತಿದ.

ಮರುದಿನ ಮೋಹನ ಕರೆಯಲು ಹೋದರೆ, ಮೈ ಬೆಚ್ಚಗಿದೆ ಎಂದ. ಅದರ ಮರುದಿನ, ಮಳೆಗೆ ಸೊಂಟ ಹಿಡಿದಿದೆ ಎಂದ. ಮೂರನೆಯ ದಿನ ಗಂಗೆ ತಾನೇ ಚಪ್ಪರಕ್ಕೆ ಬಂದಳು.

"ಬಲೆಯ ತಲೆಹಗ್ಗದ ಕಡೆ ಮನೆಗೇ ಕೊಟ್ಟು ಕಳಿಸ್ಬೇಕಂತೆ. ಕೂತಲ್ಲೇ ಮಾಡಿ ಮುಗಿಸ್ತ್ರಂತೆ." ಸೆರಗಿನಿಂದ ಮುಖದ ಮಳೆ ಒರೆಸಿಕೊಂಡಳು. "ಎಂತ ಆತೇ ಸುಚಿತಾ? ಜಗಳ ಆತಾ?"

"ಇಲ್ಲ ಅತ್ತೆ."

"ಮತ್ತೆ? ಮಧ್ಯಾಹ್ನ ಆದ್ರೆ ಅಂಗಿ ಹಾಕ್ಕಂತಿದ್ರು. ಈಗ ಅಂಗಿ ಗೂಟದಲ್ಲೇ ಅದೆ." ಒಂದು ಗಳಿಗೆ ನಿಂತಳು. "ನಾನು ಕೇಳಿದ್ರೆ, ಆಟ ಚಲೋ ಇತ್ತು ಹೇಳ್ತ್ರು. ಇತ್ತು ಹೇಳ್ತ್ರು ನೋಡು."

ತಲೆಹಗ್ಗದ ಕಡೆಯನ್ನು ಮೋಹನ ಕೊಟ್ಟು ಬಂದ. ಉಪ್ಪಿನ ಕೋಟೆಯ ಕತೆ ಮೂವರಲ್ಲಿ ಎರಡು ದಿನ ತೆವಳಿತು. ಮೋಹನ ಬಾಗಿಲು ಒದ್ದ, ಸುಷ್ಮಾ ಬಾಣ ಬಿಟ್ಟಳು, ದಾಳವೂ ಚೆನ್ನಾಗಿಯೇ ಬಿತ್ತು. ಈಗ ಎಲ್ಲರಿಗೂ ಸಮವಾಗಿ ಕೆಲಸವಿತ್ತು. ಆದರೂ ಹೊತ್ತು ಹೋಗುತ್ತಿರಲಿಲ್ಲ. ಮೂರನೆಯ ದಿನ ಮೋಹನ, "ಸುಮ್ನೆ ಬಲೆ ಹೊಲಿವ ಮಾರಾಯ್ತಿ," ಎಂದ. ಸುಚಿತಾ ದಾಳಗಳನ್ನು ಚೀಲಕ್ಕೆ ತುಂಬಿದಳು.

ದೇವಪ್ಪನ ಮನೆಗೆ ಹೋಗಬೇಕೆಂದು ದಿನವೂ ಅಂದುಕೊಂಡಳು. ಝೆರಾಕ್ಸ್ ಅಂಗಡಿಯಿಂದ ಬರುವಾಗ ಆ ತಿರುವಿನಲ್ಲಿ ಕಾಲು ನಿಧಾನವಾಗುತ್ತಿತ್ತು, ಆಮೇಲೆ ಮುಂದೆ ಹೋಗಿಬಿಡುತ್ತಿತ್ತು. ಹೋಗಿ ಹೇಳುವುದೇನು? ನಿಯಮ ತಪ್ಪಿರಲಿಲ್ಲ. ಪಟ್ಟಿಯೂ ಅವನಿಗೆಂದು ಬರೆದದ್ದಲ್ಲ. ದಾಳ ಹಾಕಿದ್ದು ಅವನ ಕೈಯೇ. ಹಾಗೆ ಒಂದೊಂದೇ ತೆಗೆದಿಡುತ್ತ ಹೋದರೆ ಯಾರ ತಪ್ಪೂ ಇಲ್ಲ ಎನಿಸುತ್ತಿತ್ತು, ಆದರೆ ಅಂಗಿ ಗೂಟದಲ್ಲಿತ್ತು. ಒಂದು ದಿನ ನೋಟ್‌ಬುಕ್ಕು ತೆಗೆದು ಹೊಸ ನಿಯಮದ ಮೇಲೆ ಗೀಟು ಎಳೆದಳು, ಗಾಯದ ಪಟ್ಟಿಯ ಏಳನೆಯದನ್ನು ಕಾಣದ ಹಾಗೆ ಮಸಿ ಬಳಿದಳು. ಅದನ್ನು ತೋರಿಸಲೂ ಹೋಗಲಿಲ್ಲ.

ಆಗಸ್ಟ್ ಬಂತು. ಕಡಲು ತೆರೆಯಿತು. ತೆಂಗಿನಕಾಯಿ ಒಡೆದು, ಶ್ರೀರಾಮನ ಬೋಟು ಮೊದಲ ದಿನವೇ ಹೊಳೆ ಕಡಲು ಸೇರುವ ಅಳಿವೆ ದಾಟಿತು. ಮಾರನೆಯ ಮಧ್ಯಾಹ್ನ ತಿರುಗಿ ಬಂದಾಗ ಸುಚಿತಾ ದಕ್ಕೆಯಲ್ಲಿದ್ದಳು. ಬಂಗುಡೆ ಚೆನ್ನಾಗಿ ಬಿದ್ದಿತ್ತು. ಮಾರುವುದನ್ನು ಲಾರಿಗೆ ಹಾಕಿದ ಮೇಲೆ, ಮನೆಗೆ ಒಯ್ಯುವ ಮೀನಿನ ಪಾಲು. ಶ್ರೀರಾಮ ಹಸಿ ಕಲ್ಲಿನ ಮೇಲೆ ಕೈಯಿಂದಲೇ ರಾಶಿ ಹಾಕುತ್ತ ಹೋದ. ಬೋಟಿನಲ್ಲಿ ಹೋದವರಿಗೆ ಒಂದೊಂದು, ಕೊನೆಗೆ ಮತ್ತೊಂದು. ಆ ಕೊನೆಯದು ದೇವಪ್ಪನದು. ಅವನು ಕಡಲಿಗೆ ಹೋಗದೆ ನಾಲ್ಕು ವರ್ಷವಾದರೂ ಆ ರಾಶಿ ತಪ್ಪಿರಲಿಲ್ಲ.

ಒಬ್ಬ ತನ್ನ ರಾಶಿಗೆ ಕೈ ಹಾಕಿದ.

"ಏಯ್," ಎಂದ ಶ್ರೀರಾಮ. "ಗಂಗೆ ಬರ್ಲಿ."

"ಅವ್ಳ ಪಾಲು ಅಲ್ಲೇ ಅದೆ ಅಲ್ವಾ ತಾಂಡೇಲ್ರೇ. ಯಾರು ತಿಂತ್ರು?"

"ಇದ್ದದ್ದು ನಿಂಗೆ ಗೊತ್ತದೆ, ಅವ್ಳಿಗೆ ಗೊತ್ತಾಗ್ಬೇಕಲ್ಲ. ಅವ್ಳು ನೋಡಿ, ಕಮ್ಮಿ ಕಂಡ್ರೆ ಕಮ್ಮಿ ಹೇಳ್ಲಿ, ಹೆಚ್ಚು ಕಂಡ್ರೆ ಹೆಚ್ಚು ಹೇಳ್ಲಿ. ಆಮೇಲೆ ಎತ್ತುವ."

ಎಂಟು ಜನ ಬಿಸಿಲಿಗೆ ನಿಂತರು. ಬಂಗುಡೆಯ ಮೇಲೆ ನೊಣ ಕೂತವು. ಗಂಗೆ ಬುಟ್ಟಿ ಹಿಡಿದು ಏದುಸಿರು ಬಿಡುತ್ತ ಬಂದಳು, ರಾಶಿಗಳನ್ನು ಒಂದು ಕಡೆಯಿಂದ ನೋಡಿದಳು, "ಆತು," ಎಂದಳು. ಎಲ್ಲರ ಕೈಯೂ ಒಟ್ಟಿಗೆ ಇಳಿಯಿತು.

ಸುಚಿತಾ ಇದನ್ನು ನಡೆಯಲು ಕಲಿತಾಗಿನಿಂದ ನೋಡಿದ್ದಳು. ಹಲಸಿನ ಬೀಜಕ್ಕೂ ಇದೇ ನಿಯಮ ಎಂದು ದೇವಪ್ಪ ಅವಳೆದುರಿಗೇ ಹೇಳಿದ್ದ. ಅದರ ಮರುದಿನ ಬೆಳಿಗ್ಗೆ ಅವಳು ಗಂಜಿ ಬಟ್ಟಲಿನ ಮುಂದೆ, ಅವನಿಲ್ಲದಾಗ ಅವನ ರಾಶಿಯಿಂದ ಬಾಚಿ ಉಳಿದವರಿಗೆ ಹಾಕಿದ್ದಳು. ಬಾಚಬೇಕಾದದ್ದೂ ಇತ್ತೇನೋ. ಎದುರಿಗೆ ಬಾಚಲಿಲ್ಲ.

ತಿರುಗಿದಾಗ ಬಲೆ ಕಂಡಿತು. ಒಣಗಲೆಂದು ದಕ್ಕೆಯ ಉದ್ದಕ್ಕೂ ಎಳೆದು ಹಾಕಿದ್ದರು. ತಲೆಹಗ್ಗದಲ್ಲಿ ಹಳದಿ ಬೆಂಡುಗಳ ಸಾಲು. ಸಾಲಿನ ನಡುವೆ ಮೂರು ಸಣ್ಣವಿದ್ದವು. ಹತ್ತಿರ ಹೋದಳು. ಗಿಡುಗ. ಮೊಸಳೆ. ನೀರುನಾಯಿ. ಎದೆಯಿಂದ ಬಾಲದವರೆಗೆ ಹಗ್ಗ ಹಾಯ್ದು, ಎರಡೂ ಬದಿಗೆ ಗಂಟು ಬಿದ್ದಿತ್ತು. ನೀರುನಾಯಿಯ ಒಂದು ಕಡೆಯ ಮೀಸೆ ಹೋಗಿತ್ತು. ಉಳಿದ ಮೀಸೆಯಲ್ಲಿ ಒಂದು ಬಂಗುಡೆಯ ಹುರುಪೆ ಹತ್ತಿಕೊಂಡು ಹೊಳೆಯುತ್ತಿತ್ತು.

ಬಿಡಿಸಿಕೊಳ್ಳಲೆಂದು ಅವಳು ಅಲ್ಲೇ ಬಿದ್ದಿದ್ದ ಚೂರಿಗೆ ಕೈಹಾಕಿದಳು.

"ಕತ್ತಿ ತಾಗಿಸ್ಬೇಡ ಅದ್ಕೆ," ಹಿಂದಿನಿಂದ ಅಪ್ಪನ ದನಿ. "ದೇವಪ್ಪನ ಗಂಟು ಅದು. ಒಂದು ಬಿಚ್ಚಿದ್ರೆ ಹತ್ತು ಮಾರು ಮತ್ತೆ ಕಟ್ಬೇಕು. ಆ ಮೂರು ಬೆಂಡು ಎಂತಕ್ಕೆ ಸಣ್ಣ ಹೇಳಿ ಅವಂಗೆ ಕೇಳ್ದೆ. 'ಬೋಟಿಂದು ನನ್ನ ಹತ್ರ ಇತ್ತು, ವಾಪಸ್ ಕಟ್ಟಿದ್ದೆ' ಅಂದ. ತೇಲ್ತದಲ್ಲ, ಇರ್ಲಿ ಬಿಡು."

ಗಂಗೆಯ ಬುಟ್ಟಿಯನ್ನು ಸುಚಿತಾ ತಾನೇ ಹೊತ್ತು ಅವಳ ಜೊತೆ ಹೋದಳು. ಹೆಗಲ ಚೀಲದಲ್ಲಿ ನೋಟ್‌ಬುಕ್ಕಿತ್ತು. ದೇವಪ್ಪ ಜಗಲಿಯಲ್ಲಿ ಕೂತು ಬೇರೆ ಯಾರದೋ ಬಲೆ ಹೊಲಿಯುತ್ತಿದ್ದ. ಗೋಡೆಯ ಕಡೆ ತಿರುಗಿರಲಿಲ್ಲ, ಅಷ್ಟು ಸಮಾಧಾನ. ಆದರೆ ಬನಿಯನ್ನಿನಲ್ಲಿದ್ದ.

"ಬಾ ತಂಗಿ. ಬಂಗುಡೆ ಬಿತ್ತಂತಲ್ಲ."

"ಬಿತ್ತು ಮಾವ." ಕೂತಳು. ನೋಟ್‌ಬುಕ್ಕು ತೆಗೆದು ಹಾಳೆ ತಿರುವಿ ಮುಂದೆ ಹಿಡಿದಳು. "ಆ ರೂಲು ತೆಗ್ದೆ. ಬೀರಂಗೆ ಮೊದ್ಲಿನ ಹಾಗೇ. ಎಷ್ಟು ಸಲ ಬೇಕಾದ್ರೂ."

ಅವನು ಗೀಟು ಎಳೆದ ಸಾಲುಗಳನ್ನು ನಿಧಾನವಾಗಿ ಓದಿದ. "ಎಂತಕ್ಕೆ ತೆಗೆದ್ದು? ಮೋಹನನ ಕತ್ತಿಗೆ ತುಕ್ಕು ಹಿಡಿದದ್ದು ಖರೆ ಅಲ್ವಾ. ನಾನೊಬ್ನೇ ತಿಂತಿದ್ದೆ ಆಟನ. ಗೊತ್ತಿತ್ತು ನಂಗೆ." ಹಾಳೆ ಮುಚ್ಚಿ ಅವಳ ಕೈಗೆ ಕೊಟ್ಟ. "ಗೊತ್ತಿದ್ದೂ ಬಿಡೂಕೆ ಮನ್ಸು ಬರ್ಲಿಲ್ಲ. ನೀವು ಕೇಳಿದ್ರೆ ನಾನೇ ಎರಡು ಬಿಡ್ತಿದ್ದೆ. ಗಿಡುಗ, ಮೊಸಳೆ ಎರಡೂ ಕೊಡ್ತಿದ್ದೆ. ನೀರುನಾಯಿ ಒಂದು ಇಟ್ಕಂಡು."

"ಕೇಳ್ಬೇಕಾಗಿತ್ತು ಮಾವ."

"ಹೂಂ."

ಅಷ್ಟೇ ಹೇಳಿದ. ಇಲ್ಲ ಬಿಡು, ಪರವಾಗಿಲ್ಲ ಎನ್ನುತ್ತಾನೆಂದು ಅವಳು ಕಾದಳು. ಅವನು ಸೂಜಿಯನ್ನು ಬಲೆಯ ಕಣ್ಣಿಗೆ ತೂರಿಸಿ, ಎಳೆದು, ಬೆರಳಿನಿಂದ ಗಂಟನ್ನು ಬಿಗಿ ಮಾಡಿದ.

"ಮುಂದಿನ ಬಂದ್‌ಗೆ ಬರ್ತ್ರಲ್ಲ?" ಎಂದು ಕೇಳಿದಳು. "ಬೀರ ಅಲ್ಲೇ ಬಾವಿ ಕಟ್ಟೆ ಮೇಲೆ ಕೂತಿದ್ದ. ಕೀಲಿಕೈ ಅವನ ಹತ್ರನೇ ಅದೆ. ಮುಂದೆ ಹೋಗೂಕೆ ಆಗ್ಲಿಲ್ಲ ನಮ್ಗೆ."

"ಹೌದಾ?" ಅವನ ಮುಖದಲ್ಲಿ 'ಬಾಲ ಹೀಂಗೆ ಬೀಸ್ದ' ಎಂದವನು ಒಂದು ಗಳಿಗೆ ಬಂದು ಹೋದ. "ಬಂದ್‌ಗೆ ಇನ್ನು ಹತ್ತು ತಿಂಗಳು ಅದೆ. ಅಷ್ಟ್ರಲ್ಲಿ ನೋಡ್ವ. ಬೆಂಡು ಮೂರೂ ಬೋಟಿಗೆ ಕೊಟ್ಟಾತು. ನನ್ನ ಬಾಕಿ ಮುಗೀತು."

"ನಂದು ಮಾವ?"

"ನಿಂದೆಂತ ಬಾಕಿ?"

ಗಂಗೆ ಒಳಗೆ ಬಂಗುಡೆ ಹೆರೆಯುತ್ತಿದ್ದ ಸದ್ದು ಕೇಳುತ್ತಿತ್ತು. ಸುಚಿತಾ ಹೇಳಲು ಬಾಯಿ ತೆರೆದಳು. ಒಂದು ನೀರುನಾಯಿ ಎಂದು ಹೇಳಬಹುದಿತ್ತು, ಒಂದು ಮಾತು ಎಂದು ಹೇಳಬಹುದಿತ್ತು. ಯಾವುದನ್ನು ಹೇಳಿದರೂ ಅವನೇ ತನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎನಿಸಿ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿದಳು.

"ಬಂದವ್ಳು ಸುಮ್ನೆ ಕೂರ್ಬೇಡ," ಎಂದ ದೇವಪ್ಪ. ದಾರದ ಉಂಡೆಯನ್ನು ಅವಳ ಕಡೆ ಉರುಳಿಸಿದ. "ಇದ್ರ ತುದಿ ಹಿಡಿ. ಸೂಜಿಗೆ ಸುತ್ಬೇಕು."

ಅವಳು ಹಿಡಿದಳು. ಅವನು ಸುತ್ತಿದ. ದಾರ ಅವಳ ಬೆರಳುಗಳ ನಡುವೆ ಜಾರಿ ಜಾರಿ ಅವನ ಕಡೆಗೆ ಹೋಗುತ್ತಿತ್ತು. ಸೂಜಿ ತುಂಬಿದ ಮೇಲೂ ಅವನು ಇನ್ನೊಂದು ಸೂಜಿ ತೆಗೆದ, ಅವಳು ಕೈ ಬಿಡಲಿಲ್ಲ. ಗೂಟದಲ್ಲಿ ಅಂಗಿ ಇತ್ತು. ಜೇಬು ಖಾಲಿಯಾಗಿ ಜೋತು ಬಿದ್ದಿತ್ತು.